ಹೊಸ ಕೆಲಸ, ಮೊದಲ ರಜೆ



ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಬೆಳಗು ಬೇಗ ಆಗುತ್ತದೆ. ಇನ್ನೂ ಕತ್ತಲಿರುವಾಗಲೇ ಹೆದ್ದಾರಿಯ ಬದಿಯಲ್ಲಿ ಜನ ಬಂದು ನಿಂತಿರುತ್ತಾರೆ. ಪಣಂಬೂರಿನ ಬಂದರಿಗೆ, ಅಲ್ಲಿಯದೇ ಗೊಬ್ಬರದ ಕಾರ್ಖಾನೆಗೆ, ಕುತ್ತೆತ್ತೂರಿನ ಎಂ.ಆರ್.ಪಿ.ಎಲ್. ತೈಲಾಗಾರಕ್ಕೆ ಮೊದಲ ಪಾಳಿಗೆ ಹೋಗುವವರು ಅವರು. ಎಂಟೂವರೆಯ ಹೊತ್ತಿಗೆ ಸಿಟಿ ಬಸ್ಸುಗಳ ಗದ್ದಲ. ಒಂದು ಕಡೆಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ, ಇನ್ನೊಂದು ಕಡೆಗೆ ಕೂಳೂರು, ಸುರತ್ಕಲ್. ಉರ್ವಸ್ಟೋರಿನ ಕಡೆ ಜಿಲ್ಲಾ ಪಂಚಾಯತ್ ಕಚೇರಿಗೆ ಬಿರುಸಾಗಿ ನಡೆಯುವವರು, ಹೆದ್ದಾರಿಯುದ್ದದ ವಾಹನ ಮಳಿಗೆಗಳ ಬಾಗಿಲು ತೆರೆಯುವ ಹುಡುಗರು, ಕೊರಳಿಗೆ ಐಡಿ ಕಾರ್ಡು ತೂಗಿಸಿಕೊಂಡು ಕೂಳೂರು ಫೆರಿ ರಸ್ತೆಯ ಇನ್ಫೋಸಿಸ್ ಕಡೆಗೆ ಹೊರಟವರು. ಸಂಜೆಯಾದ ಮೇಲೆ ಕೆಲವರು ಮನೆಗೆ ಬರುತ್ತಿದ್ದರೆ ಇನ್ನು ಕೆಲವರು ಸ್ನಾನ ಮುಗಿಸಿ ರಾತ್ರಿ ಪಾಳಿಯ ಕ್ಯಾಬಿಗೆ ಕಾಯುತ್ತಿರುತ್ತಾರೆ. ಈ ಜನರ ನಡುವೆ ಹೊಸದಾಗಿ ಕೆಲಸಕ್ಕೆ ಸೇರಿದವರು ಯಾರು ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಅವರು ಬಸ್ಸು ಬರುವ ದಿಕ್ಕನ್ನೂ ಕೈಯಲ್ಲಿರುವ ಮೊಬೈಲಿನ ಗಂಟೆಯನ್ನೂ ಒಂದೇ ಸಮನೆ ನೋಡುತ್ತಿರುತ್ತಾರೆ.

ಇನ್ಫೋಸಿಸ್ ಮಂಗಳೂರಿಗೆ ಬಂದದ್ದು 1995ರಲ್ಲಿ. ಅದಕ್ಕೂ ಮೊದಲು ಈ ಊರಿನ ಹೊಸ ನೌಕರ ಎಂದರೆ ಹೆಚ್ಚಾಗಿ ಬ್ಯಾಂಕಿನ ಗುಮಾಸ್ತ ಅಥವಾ ಪ್ರೊಬೇಷನರಿ ಆಫೀಸರ್. ಆಗಿನ ಒಂದೇ ಜಿಲ್ಲೆಯಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ನಾನೂ ಒಂದು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಈಗ ಕೊಟ್ಟಾರದ ನಮ್ಮ ಮನೆಯ ಮಹಡಿಯ ಕೋಣೆಗಳನ್ನು ಕೆಲಸಕ್ಕೆಂದು ಊರು ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡುತ್ತೇವೆ. ಹಾಗಾಗಿ ಹೊಸ ನೌಕರಿಯ ಮೊದಲ ವರ್ಷವನ್ನು ತೀರ ಹತ್ತಿರದಿಂದ ನೋಡುವ ಅವಕಾಶ ನನಗೆ ಮತ್ತೆ ಮತ್ತೆ ಸಿಕ್ಕಿದೆ.

ಆ ಮೊದಲ ವರ್ಷದಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಕೆಲಸದ್ದಲ್ಲ. ಕೆಲಸವನ್ನು ಹೇಳಿಕೊಡುವವರು ಇದ್ದಾರೆ; ತರಬೇತಿ ಇದೆ, ಹಿರಿಯರು ಇದ್ದಾರೆ, ತಪ್ಪಿದರೆ ತಿದ್ದುತ್ತಾರೆ. ರಜೆಯನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ವಿಜಯಪುರದ ಕಡೆಯಿಂದ ಬಂದ ಒಬ್ಬ ಹುಡುಗಿ ಮೇ ತಿಂಗಳಲ್ಲಿ ಕೆಲಸಕ್ಕೆ ಸೇರಿ ನಮ್ಮಲ್ಲಿ ಕೋಣೆ ಹಿಡಿದಿದ್ದಳು. ಜುಲೈ ಮಳೆ ಹಿಡಿದ ಒಂದು ಸಂಜೆ ಕೆಳಗೆ ಬಂದು ಕುಳಿತಳು. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ವಿಷಯಕ್ಕೆ ಬಂತು.

"ಆಂಟಿ, ಪಂಚಮಿಗೆ ಊರಿಗೆ ಹೋಗಬೇಕಂತ ಭಾಳ ಮನಸೈತ್ರಿ. ಸೇರಿ ಇನ್ನಾ ಮೂರು ತಿಂಗಳಾಗಿಲ್ಲ. ರಜಾ ಕೇಳಿದ್ರ ಏನ್ ತಿಳ್ಕೋತಾರೋ ಏನೋ."

"ಕೇಳ್ಲಿಕ್ಕೆ ಎಂತ ಹೆದರಿಕೆ ಮಾರಾಯ್ತಿ? ಆರ್ಡರಿನಲ್ಲಿ ರಜೆಯ ಬಗ್ಗೆ ಎಂತ ಬರ್ದಿದೆ?"

"ಅದನ್ನ ನಾ ಓದೇ ಇಲ್ಲರಿ. ಪಗಾರ ಎಷ್ಟಂತ ನೋಡಿ ಸಹಿ ಹಾಕೀನಿ."

ಮಹಡಿಯಿಂದ ಆ ಕಾಗದ ತರಿಸಿ ಇಬ್ಬರೂ ಕುಳಿತು ಓದಿದೆವು. ಪ್ರೊಬೇಷನ್ ಅವಧಿಯಲ್ಲಿಯೂ ತಿಂಗಳಿಗೆ ಇಷ್ಟು ರಜೆ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಅವಳಿಗೆ ಬೇಕಾದಷ್ಟು ದಿನ ಆಗಲೇ ಲೆಕ್ಕಕ್ಕೆ ಸೇರಿತ್ತು. ಮಾರನೆಯ ದಿನ ಕೇಳಿದಳು, ಸಿಕ್ಕಿತು. ಮೇಲಧಿಕಾರಿ ಕೇಳಿದ್ದು ಒಂದೇ ಪ್ರಶ್ನೆಯಂತೆ: ಆ ಎರಡು ದಿನ ನಿನ್ನ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ? ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಇಟ್ಟುಕೊಂಡೇ ರಜೆ ಕೇಳಬೇಕು.

ಈ ಹೆದರಿಕೆ ಅವಳೊಬ್ಬಳದಲ್ಲ. ಓದುವ ಕಾಲದಲ್ಲಿ ರಜೆ ತಾನಾಗಿ ಬರುತ್ತಿತ್ತು. ಏಪ್ರಿಲ್-ಮೇ ಬೇಸಗೆ ರಜೆ, ಅಕ್ಟೋಬರಿನಲ್ಲಿ ದಸರಾ ರಜೆ, ನಮ್ಮ ಜಿಲ್ಲೆಯಲ್ಲಾದರೆ ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ಕೊಡುವ ರಜೆ. ಹದಿನಾರು ಹದಿನೇಳು ವರ್ಷ ಹೀಗೆ ಬದುಕಿದವರು ಒಂದು ದಿನ ಇದ್ದಕ್ಕಿದ್ದಂತೆ ಬೇರೆಯೇ ಕ್ಯಾಲೆಂಡರಿಗೆ ಬರುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಸರಾದಲ್ಲಿ ಅದು ಚೆನ್ನಾಗಿ ಅರಿವಿಗೆ ಬರುತ್ತದೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ ಕೊಟ್ಟಾರಕ್ಕೆ ದೂರವಲ್ಲ. ಮಂಗಳೂರು ದಸರೆಯ ದಿನಗಳಲ್ಲಿ ಊರೆಲ್ಲ ದೀಪ. ಆ ದೀಪದ ಕೆಳಗೆ ನಡೆದು ಪಾಳಿಗೆ ಹೋಗಬೇಕು. ಬೇಸಗೆಯಲ್ಲಿ ಅಜ್ಜಿಮನೆಗೆ ಹೋಗುವ ಪ್ರಶ್ನೆಯೇ ಇಲ್ಲ. ಎಷ್ಟೋ ಮಕ್ಕಳು ಮೊದಲ ಸಂಬಳದ ಖುಷಿಯಲ್ಲಿ ಇದನ್ನು ಗಮನಿಸುವುದಿಲ್ಲ. ಆರೇಳು ತಿಂಗಳಾದ ಮೇಲೆ, ಏಕೆ ಎಂದು ತಿಳಿಯದೆ ಸಪ್ಪಗಾಗುತ್ತಾರೆ. ಊಟ ಸೇರುವುದಿಲ್ಲ, ಭಾನುವಾರ ಮಧ್ಯಾಹ್ನದಿಂದಲೇ ಸೋಮವಾರದ ಚಿಂತೆ. ಅವರಿಗೆ ಕೆಲಸದಲ್ಲಿ ಮನಸ್ಸಿಲ್ಲ ಎಂದು ಮನೆಯವರೂ ಕೆಲವೊಮ್ಮೆ ತಿಳಿಯುತ್ತಾರೆ. ಮನಸ್ಸು ಇರುತ್ತದೆ, ದೇಹಕ್ಕೆ ಮತ್ತು ದಿನಚರಿಗೆ ಇನ್ನೂ ಒಗ್ಗಿರುವುದಿಲ್ಲ, ಅಷ್ಟೆ. ಇದಕ್ಕೆ ಕಾಲ ಬೇಕು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಅಂಗಡಿ, ಮಳಿಗೆ, ಖಾಸಗಿ ಕಚೇರಿಗಳಿಗೆ ನಮ್ಮ ರಾಜ್ಯದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ವಾರಕ್ಕೆ 48 ಗಂಟೆ ದುಡಿಮೆ, ವಾರದಲ್ಲಿ ಒಂದು ಪೂರ್ತಿ ದಿನ ಬಿಡುವು, 20 ದಿನ ದುಡಿದರೆ ಒಂದು ದಿನದ ಸಂಬಳ ಸಹಿತ ರಜೆ, ಅಲ್ಲದೆ ಕಾಯಿಲೆಗೋ ಬೇರೆ ನ್ಯಾಯವಾದ ಕಾರಣಕ್ಕೋ ವರ್ಷಕ್ಕೆ 12 ದಿನಗಳವರೆಗೆ ರಜೆ ಎಂದು ಅದು ಹೇಳುತ್ತದೆ. ಹಬ್ಬದ ರಜೆಗಳಿಗೆ 1963ರ ಇನ್ನೊಂದು ಕಾಯ್ದೆ ಇದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜತೆಗೆ ಐದು ಹಬ್ಬಗಳು. ರಾಜ್ಯ ಸರಕಾರಿ ನೌಕರರ ಗಳಿಕೆ ರಜೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಎಂದು ಖಾತೆಗೆ ಸೇರುತ್ತದೆ. ಬ್ಯಾಂಕಿನವರಿಗೆ 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಇವೆಲ್ಲ ಬರವಣಿಗೆಯಲ್ಲಿರುವ ಮಾತು. ಯಾರ ದಾಕ್ಷಿಣ್ಯವೂ ಇದರಲ್ಲಿಲ್ಲ.

ಈ ಬರವಣಿಗೆಯ ಹಿಂದೆ ಎಷ್ಟು ಜನರ ಬೆವರಿದೆ ಎಂಬುದನ್ನು ನೆನೆಯಬೇಕು. ಭಾನುವಾರದ ರಜೆ ನಮ್ಮ ದೇಶದ ಗಿರಣಿ ಕಾರ್ಮಿಕರಿಗೆ ತಾನಾಗಿ ಸಿಕ್ಕಿದ್ದಲ್ಲ. ಮುಂಬಯಿಯಲ್ಲಿ ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೂಲಿಗಳನ್ನು ಒಗ್ಗೂಡಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನಿನಲ್ಲಿ ಅಲ್ಲಿಯ ಗಿರಣಿ ಮಾಲೀಕರು ವಾರಕ್ಕೊಂದು ದಿನದ ರಜೆಗೆ ಒಪ್ಪಿದರು. ಇನ್ನು ಮಂಗಳೂರಿನ ಮಾತು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಗದ್ದೆಯಲ್ಲಿ ಬಿಸಿಲು ಮಳೆ ನೋಡಿ ಕೆಲಸ ಮಾಡುತ್ತಿದ್ದವರು ಗಡಿಯಾರ ನೋಡಿ ಕೆಲಸ ಮಾಡುವುದನ್ನು ಕಲಿತದ್ದು ಇಂಥ ಕಾರ್ಖಾನೆಗಳಲ್ಲಿ. ನೇತ್ರಾವತಿ, ಗುರುಪುರ ನದಿಗಳ ದಂಡೆಯುದ್ದಕ್ಕೂ ಹೆಂಚಿನ ಕಾರ್ಖಾನೆಗಳ ಚಿಮಿಣಿಗಳು ಎದ್ದವು. ನಮ್ಮ ಕರಾವಳಿಯ ಮೊದಲ ತಲೆಮಾರಿನ ಹೊಸ ನೌಕರರು ಅವರೇ. ಅವರಿಗೆ ಗಂಟೆಯ ಶಿಸ್ತಿಗೆ ಒಗ್ಗುವುದು ಇವತ್ತಿನ ಮಕ್ಕಳಿಗಿಂತ ಸುಲಭವಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಆದರೆ ಗಡಿಯಾರ ಬರುವ ಮೊದಲು ನಮ್ಮವರಿಗೆ ಬಿಡುವೇ ಇರಲಿಲ್ಲವೆ? ಇತ್ತು. ಅದನ್ನು ವಿವರವಾಗಿ ಹೇಳಬೇಕೆಂಬ ಆಸೆಯಿಂದಲೇ ನಾನು ಈ ವಿಷಯವನ್ನು ಎತ್ತಿಕೊಂಡದ್ದು.

ತುಳುನಾಡಿನ ವರ್ಷದಲ್ಲಿ ಫೆಬ್ರುವರಿ ಎರಡನೆಯ ವಾರದ ಸುಮಾರಿಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗುವ ದಿನಗಳು ಎಂಬ ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಅಕ್ಕಿ, ಹುರುಳಿ ಹುರಿದು ಬೆಲ್ಲ ತೆಂಗಿನಕಾಯಿ ಸೇರಿಸಿ ನನ್ನೇರಿ ಮಾಡಿ ಹಂಚುತ್ತಾರೆ. ಕೊನೆಯ ದಿನ ಹೆಂಗಸರು ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ, ಸೀಗೆ, ಕುಂಕುಮ ಇಟ್ಟು ಭೂಮಿಯನ್ನು ಮೀಯಿಸುತ್ತಾರೆ. ವರ್ಷವಿಡೀ ಬೆಳೆ ಕೊಡುವ ಭೂಮಿಗೇ ಬಿಡುವು ಬೇಕು ಎಂದು ತಿಳಿದ ಜನ ನಾವು. ಭೂಮಿಗೆ ಬಿಡುವು ಸಿಕ್ಕಿದರೆ ನೇಗಿಲು ಹಿಡಿಯುವವನಿಗೂ ಎತ್ತಿಗೂ ಸಿಕ್ಕಿತು.

ಮೇ ತಿಂಗಳ 24ರ ಸುಮಾರಿಗೆ ಪತ್ತನಾಜೆ, ಬೇಶ ತಿಂಗಳ ಹತ್ತನೆಯ ದಿನ. ಅಂದಿಗೆ ಕೋಲ, ನೇಮ, ಜಾತ್ರೆಗಳು ನಿಲ್ಲುತ್ತವೆ. ನವೆಂಬರಿನಿಂದ ಊರೂರು ತಿರುಗಿ ರಾತ್ರಿ ಆಡಿದ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೈವಗಳಿಗೂ ಕಲಾವಿದರಿಗೂ ಮಳೆಗಾಲದ ವಿರಾಮ ಎಂದು ದಿನ ಗೊತ್ತು ಮಾಡಿಯೇ ಇಟ್ಟಿದ್ದಾರೆ. ಇನ್ನೂ ನಾಲ್ಕು ಆಟ ಆಡಿದರೆ ನಾಲ್ಕು ಕಾಸು ಬಂದೀತು ಎಂಬ ಮಾತಿಗೆ ಅಲ್ಲಿ ಜಾಗ ಇರಲಿಲ್ಲ.

ಆಮೇಲೆ ಆಟಿ. ಜುಲೈ ಆಗಸ್ಟ್ ನಡುವಿನ, ಹೊರಗೆ ಕಾಲಿಡಲಾಗದ ಮಳೆಯ ತಿಂಗಳು. ಹೊಸದಾಗಿ ಮದುವೆಯಾದ ಹೆಣ್ಣು ಆಟಿ ಕುಳಿತುಕೊಳ್ಳಲು ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಹೊಸ ಮನೆ, ಹೊಸ ಜನ, ಹೊಸ ಕೆಲಸ. ಎಲ್ಲದಕ್ಕೂ ಹೊಂದಿಕೊಳ್ಳುವ ಮೊದಲ ವರ್ಷದಲ್ಲೇ ಅವಳಿಗೆ ಕೆಲವು ದಿನ ತನ್ನ ಮನೆಯಲ್ಲಿ, ತನ್ನ ಹೊತ್ತಿಗೆ ಏಳುವ ಅವಕಾಶ. ಈ ಏರ್ಪಾಟು ಮಾಡಿದ ಹಿರಿಯರಿಗೆ ಹೊಸಬರ ದಣಿವು ಗೊತ್ತಿತ್ತು. ಕಚೇರಿಗೆ ಹೊಸದಾಗಿ ಬಂದವರು ಆ ಮದುಮಗಳ ಹಾಗೆಯೇ. ಅತ್ತೆಮನೆಯಲ್ಲಿ ಒಲೆ ಎಲ್ಲಿ, ಉಪ್ಪು ಎಲ್ಲಿ, ಯಾರಿಗೆ ಏನು ರುಚಿ ಎಂದು ಕಲಿಯುವಷ್ಟೇ ದಣಿವು ಕಚೇರಿಯ ಮೊದಲ ತಿಂಗಳುಗಳಲ್ಲೂ ಆಗುತ್ತದೆ. ವಿಜಯಪುರದ ಹುಡುಗಿ ಪಂಚಮಿಗೆ ಊರಿಗೆ ಹೋಗಬೇಕು ಎಂದಾಗ ನನಗೆ ಮೊದಲು ನೆನಪಾದದ್ದು ಇದೇ. ಅವರ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ ಕಟ್ಟುತ್ತಾರೆ, ಉಂಡಿ ಕಟ್ಟುತ್ತಾರೆ. ಪಂಚಮಿ ಬರುವುದೂ ನಮ್ಮ ಆಟಿಯ ಹೊತ್ತಿಗೇ ಅಥವಾ ಅದರ ಬೆನ್ನಿಗೇ. ಕನ್ನಡ ನಾಡಿನ ಎರಡು ತುದಿಗಳಲ್ಲಿ, ಒಬ್ಬರನ್ನೊಬ್ಬರು ಕೇಳದೆ, ಒಂದೇ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಬಿಡುವು ಕೊಟ್ಟಿದ್ದಾರೆ.

ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬಡವರಿಗೆ ಆಟಿ ಎಂದರೆ ಹಸಿವಿನ ತಿಂಗಳೂ ಹೌದು. ಬೀಡಿ ಕಟ್ಟಿ ಸಂಸಾರ ಸಾಗಿಸಿದ ನಮ್ಮ ಜಿಲ್ಲೆಯ ಸಾವಿರಾರು ತಾಯಂದಿರಿಗೆ ಹಬ್ಬದ ದಿನವೂ ಮಡಿಲಿನಿಂದ ಮೊರ ಇಳಿಯುತ್ತಿರಲಿಲ್ಲ. ಮುಂಬಯಿಯ ಹೋಟೆಲುಗಳಿಗೆ ಹೋದ ನಮ್ಮ ಕಡೆಯ ಹುಡುಗರ ಮೊದಲ ನೌಕರಿಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮೀಸೆ ಮೂಡದ ವಯಸ್ಸಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿ, ಹಗಲೆಲ್ಲ ನಿಂತು, ಊರಿಗೆ ಬರುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಅಂಥ ಹುಡುಗರಿಗಾಗಿ ಮುಂಬಯಿಯಲ್ಲಿ ಮೊಗವೀರರ ಸಂಘ, ಬಿಲ್ಲವರ ಸಂಘ ಮುಂತಾದವು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಬೆಂಚಿನ ಮೇಲೆ ಕುಳಿತು ಓದಿದವರು ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ಬರಹಗಾರರಾದರು. ದಿನದಲ್ಲಿ ತಮ್ಮದು ಎಂದು ಉಳಿದ ಎರಡು ಗಂಟೆಯನ್ನು ಅವರು ಹಿಡಿದುಕೊಂಡ ಬಗೆ ಅದು. ಅದೇ ಮುಂಬಯಿಯಲ್ಲಿ ನಮ್ಮ ಯಶವಂತ ಚಿತ್ತಾಲರು ಕಂಪೆನಿಯೊಂದರಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತಲೇ ಕತೆ ಕಾದಂಬರಿ ಬರೆದರು. ಕಾರ್ಪೊರೇಟ್ ಬದುಕಿನ ಒಳಗನ್ನು ತೆರೆದು ತೋರಿಸುವ 'ಶಿಕಾರಿ' 1979ರಲ್ಲಿ ಬಂತು. ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳಿಗೆ ನಾನು ಓದಿರೆಂದು ಹೇಳುವ ಪುಸ್ತಕ ಅದು.

ಈಚೆಗೆ ಇನ್ನೊಂದು ಮಾತು ಕೇಳಿಬರುತ್ತಿದೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಹೇಳಿದರು. ಮೂರ್ತಿಯವರು ಬರಿಗೈಯಲ್ಲಿ ದೊಡ್ಡ ಸಂಸ್ಥೆ ಕಟ್ಟಿದವರು. ಕೊಟ್ಟಾರದ ಎಷ್ಟೋ ಮನೆಗಳ ಅನ್ನಕ್ಕೆ ಅವರ ಸಂಸ್ಥೆ ಕಾರಣ. ಆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ಮಾತನ್ನು ನಾನು ಒಪ್ಪುವುದಿಲ್ಲ. ಭಾನುವಾರ ಬಿಟ್ಟು ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷ. ಬಸ್ಸಿನ ಹೊತ್ತು, ಸ್ನಾನ, ಊಟ ಕಳೆದರೆ ನಿದ್ದೆಗೆ ಉಳಿಯುವುದೆಷ್ಟು? ತನ್ನ ಸಂಸ್ಥೆಯನ್ನು ತಾನು ಕಟ್ಟುವವರ ದುಡಿಮೆ ಬೇರೆ, ತಿಂಗಳ ಸಂಬಳಕ್ಕೆ ಸೇರಿದ ಇಪ್ಪತ್ತೆರಡರ ಹುಡುಗಿಯ ದುಡಿಮೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35 ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17 ಹೆಚ್ಚು. 2024ರಲ್ಲಿ ಪುಣೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಲ್ಲಿ ತೀರಿಕೊಂಡ ಕೇರಳದ 26 ವರ್ಷದ ಲೆಕ್ಕಪರಿಶೋಧಕಿಯ ತಾಯಿ ಬರೆದ ಪತ್ರವನ್ನು ದೇಶವೆಲ್ಲ ಓದಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಐ.ಟಿ. ನೌಕರರ ದುಡಿಮೆಯ ಅವಧಿ ಹೆಚ್ಚಿಸುವ ಪ್ರಸ್ತಾಪ ಬಂದಾಗ ನೌಕರರ ಸಂಘಟನೆ ಬಲವಾಗಿ ವಿರೋಧಿಸಿತು. ವಿರೋಧಿಸಿದ್ದು ಸರಿ.

ಗಂಟೆಯ ಲೆಕ್ಕಕ್ಕೆ ಸಿಗದ ಇನ್ನೊಂದು ದುಡಿಮೆ ಮೊಬೈಲಿನದು. ಭಾನುವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕುಳಿತ ಹುಡುಗಿಯ ಫೋನು ಗುಣುಗುಟ್ಟುತ್ತದೆ. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಏನೋ ಕೇಳಿದ್ದಾರೆ. ನೋಡದಿದ್ದರೆ ಸಮಾಧಾನವಿಲ್ಲ, ನೋಡಿದರೆ ಊಟವಿಲ್ಲ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಸಂದೇಶಗಳಿಂದ ದೂರ ಉಳಿಯುವ ಹಕ್ಕನ್ನು ಕಾನೂನೇ ಮನ್ನಿಸಿದೆ. ನಮ್ಮಲ್ಲಿ ಅದು ಬರುವವರೆಗೆ ಮೇಲಧಿಕಾರಿಗಳೇ ಮನಸ್ಸು ಮಾಡಬೇಕು. ಸೋಮವಾರ ಬೆಳಿಗ್ಗೆ ಕೇಳಬಹುದಾದದ್ದನ್ನು ಭಾನುವಾರ ಕೇಳಬೇಡಿ. ನಿಮಗೆ ಅದು ಒಂದು ಸಾಲು. ಹೊಸಬರಿಗೆ ಅದು ಅಪ್ಪಣೆ.

ಮನೆ ಬಾಡಿಗೆಗೆ ಕೊಟ್ಟವರಿಗೂ ನೆರೆಯವರಿಗೂ ಒಂದು ಮಾತು. ರಾತ್ರಿ ಪಾಳಿಯವರಿಗೆ ಹಗಲೇ ರಾತ್ರಿ. ನಮ್ಮ ಮನೆಯಲ್ಲಿ ಮೇಲೆ ಯಾರಾದರೂ ರಾತ್ರಿ ಪಾಳಿ ಮುಗಿಸಿ ಮಲಗಿದ್ದರೆ ಬೆಳಿಗ್ಗೆ ಹೊತ್ತು ಮಿಕ್ಸಿ ಹಾಕುವುದಿಲ್ಲ, ಮಸಾಲೆಯನ್ನು ಹಿಂದಿನ ಸಂಜೆಯೇ ರುಬ್ಬಿಡುತ್ತೇನೆ. ಹತ್ತು ಗಂಟೆಗೆ ಮಲಗಿದ ಹುಡುಗಿಯನ್ನು ಕಂಡು "ಇನ್ನೂ ಎದ್ದಿಲ್ಲವಾ" ಎನ್ನುವ ಮಾತು ಎಷ್ಟು ನೋಯಿಸುತ್ತದೆಂಬುದನ್ನು ಅವರ ಮುಖದಲ್ಲೇ ಕಂಡಿದ್ದೇನೆ.

ಇನ್ನು, ಸಿಕ್ಕಿದ ರಜೆಯನ್ನು ಬಳಸುವ ಬಗೆ. ದೂರದ ಊರಿನವರ ಮೊದಲ ತೊಂದರೆ ದಾರಿಯದು. ವಿಜಯಪುರದ ಕಡೆಗೆ ರೈಲು ಹಿಡಿದರೆ ಒಂದು ರಾತ್ರಿಯಿಡೀ, ಮರುದಿನ ಬೆಳಗಿನ ಪಾಲು ಪ್ರಯಾಣಕ್ಕೇ ಹೋಗುತ್ತದೆ. ಮರಳುವಾಗ ಮತ್ತೆ ಅಷ್ಟೇ. ಎರಡು ದಿನದ ವಾರದ ರಜೆಯಲ್ಲಿ ಅಮ್ಮನ ಕೈಯ ಎರಡು ಊಟವಾದರೆ ಹೆಚ್ಚು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬೆಂಗಳೂರು ಹಾಸನದವರಿಗೂ ಇದೇ ಗತಿ. ಆದ್ದರಿಂದ ಪ್ರತಿ ವಾರ ಓಡುವುದಕ್ಕಿಂತ ವಾರದ ರಜೆಗೆ ಎರಡು ಮೂರು ದಿನ ಜೋಡಿಸಿಕೊಂಡು, ತಿಂಗಳ ಮೊದಲೇ ತಿಳಿಸಿ, ಟಿಕೆಟು ಮಾಡಿಸಿ ಹೋಗುವುದು ಒಳ್ಳೆಯದು. ಜೋಡಿಸುವಾಗ ನಡುವೆ ಬರುವ ಭಾನುವಾರವನ್ನೂ ರಜೆಯ ಲೆಕ್ಕಕ್ಕೆ ಹಿಡಿಯುತ್ತಾರೆಯೆ ಎಂದು ಮೊದಲು ಕೇಳಿ ತಿಳಿಯಿರಿ. ಕೆಲವು ಕಡೆ ಹಿಡಿಯುತ್ತಾರೆ. ಊರಿನಲ್ಲಿರುವ ತಂದೆತಾಯಿಯರಲ್ಲಿಯೂ ಒಂದು ಬಿನ್ನಹ: ದೂರದ ಸಂಬಂಧಿಕರ ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಎಲ್ಲ ಮಕ್ಕಳನ್ನು ಕರೆಸಬೇಡಿ. ಅವರ ಹತ್ತೋ ಹನ್ನೆರಡೋ ದಿನಗಳು ಹಾಗೇ ಕರಗಿಹೋಗುತ್ತವೆ. ಒಮ್ಮೆಯಾದರೂ ಅವರು ಬಂದು ಏನೂ ಮಾಡದೆ ಮಲಗಿ ಎದ್ದು ಹೋಗಲಿ.

ಊರಿಗೆ ಹೋಗಲಾಗದ ಭಾನುವಾರಗಳಿಗೆ ಮಂಗಳೂರು ಬಡ ಊರಲ್ಲ. ನಮ್ಮ ಮಹಡಿಯ ಮಕ್ಕಳಿಗೆ ನಾನು ಮೊದಲು ತೋರಿಸುವುದು ಸುಲ್ತಾನ್ ಬತ್ತೇರಿಯ ಕಡವು. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ. ಮರಗಳ ನೆರಳಿನಲ್ಲಿ ನಡೆದರೆ ಕಡಲು. ಬಯಲುಸೀಮೆಯ ಹುಡುಗಿ ಮೊದಲ ಸಲ ಅಲೆಯಲ್ಲಿ ಕಾಲಿಟ್ಟು ನಿಂತಾಗ ಅವಳ ಮುಖದಲ್ಲಿ ಮೂಡುವ ಸಂತೋಷವನ್ನು ನೋಡಬೇಕು. ಕದ್ರಿ ಗುಡ್ಡ ಇದೆ, ವಾಮಂಜೂರಿನ ಪಿಲಿಕುಳ ಇದೆ, ಚಳಿಗಾಲ ಬಂತೆಂದರೆ ರಾತ್ರಿಗೊಂದು ಕಡೆ ಯಕ್ಷಗಾನ. ಏನೂ ಬೇಡ, ಬಟ್ಟೆ ಒಗೆದು ಹಾಕಿ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದರೂ ಆಯಿತು. ಕೆಲವು ಮಕ್ಕಳು ರಜೆಯ ದಿನವನ್ನೂ ಇನ್ನೊಂದು ಪರೀಕ್ಷೆಗೆ, ಇನ್ನೊಂದು ಕೋರ್ಸಿಗೆ ಕೊಟ್ಟುಬಿಡುತ್ತಾರೆ. ಓದಲಿ, ಆದರೆ ವಾರದ ಅರ್ಧ ದಿನವಾದರೂ ಯಾವ ಲಾಭಕ್ಕೂ ಅಲ್ಲದೆ ಉಳಿಯಲಿ.

ರಜೆಯನ್ನು ಕೂಡಿಡುವವರನ್ನು ನಾನು ಬ್ಯಾಂಕಿನಲ್ಲಿ ಬಹಳ ಕಂಡಿದ್ದೇನೆ. ನಮ್ಮ ಕಾಲದಲ್ಲಿ ಗಳಿಕೆ ರಜೆಯನ್ನು 240 ದಿನಗಳವರೆಗೆ ಉಳಿಸಿ ನಿವೃತ್ತಿಯ ಹೊತ್ತಿಗೆ ನಗದು ಮಾಡಿಕೊಳ್ಳಬಹುದಿತ್ತು. ಮಗಳ ಮದುವೆಗೆ, ಮನೆ ಸಾಲಕ್ಕೆ ಆ ಹಣ ಆಗಿಬಂದದ್ದೂ ನಿಜ. ಉಳಿಸಿದವರ ಕಷ್ಟ ನನಗೆ ಗೊತ್ತು. ಆದರೆ 240 ದಿನ ಎಂದರೆ ಎಂಟು ತಿಂಗಳು. ಮಕ್ಕಳು ಸಣ್ಣವರಿದ್ದಾಗ ಒಂದೊಂದೇ ವಾರವಾಗಿ ಅವರ ಜತೆ ಕಳೆಯಬಹುದಾಗಿದ್ದ ಎಂಟು ತಿಂಗಳು ಅರುವತ್ತನೆಯ ವಯಸ್ಸಿಗೆ ಚೆಕ್ಕಾಗಿ ಕೈಗೆ ಬರುತ್ತದೆ. ಈಗ ಇಪ್ಪತ್ತೆರಡರಲ್ಲಿ ಇರುವವರು ಸ್ವಲ್ಪ ಉಳಿಸಿ, ಸ್ವಲ್ಪ ಬಳಸುವುದನ್ನು ಮೊದಲ ವರ್ಷದಿಂದಲೇ ರೂಢಿ ಮಾಡಿಕೊಳ್ಳಲಿ. ಮೊದಲ ವರ್ಷ ಬೀಳದ ರೂಢಿ ಆಮೇಲೆ ಬೀಳುವುದು ಕಷ್ಟ.

ನಮ್ಮ ಶಾಖೆಯಲ್ಲಿದ್ದ ಒಂದು ಪದ್ಧತಿಯನ್ನು ಹೇಳಿ ಮುಗಿಸುತ್ತೇನೆ. ಇದು ಮಂಗಳೂರಿನ ಎಷ್ಟೋ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಇಂದಿಗೂ ಇದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಹೊಸ ತೆನೆಯ ಊಟಕ್ಕೆಂದು ಕ್ರೈಸ್ತ ಗೆಳತಿಯರು ಮನೆಗೆ ಹೋಗುತ್ತಿದ್ದರು. ಅವರ ಕೌಂಟರನ್ನು ನಾವು ನೋಡಿಕೊಳ್ಳುತ್ತಿದ್ದೆವು. ಚೌತಿಯ ಮರುದಿನ ನಮಗೆ ರಜೆ ಬೇಕಾದಾಗ ಅವರು ಕುಳಿತುಕೊಳ್ಳುತ್ತಿದ್ದರು. ರಂಜಾನಿನ ತಿಂಗಳಲ್ಲಿ ಮುಸ್ಲಿಂ ಸಹೋದ್ಯೋಗಿ ಇಫ್ತಾರಿಗೆ ಹೊತ್ತಿಗೆ ಸರಿಯಾಗಿ ಹೊರಡಬೇಕಿತ್ತು. ಕೊನೆಯ ಅರ್ಧ ಗಂಟೆಯ ಲೆಕ್ಕ ಇನ್ನೊಬ್ಬರು ಹೊಂದಿಸುತ್ತಿದ್ದರು. ದೀಪಾವಳಿಗೆ ಆ ಸಹೋದ್ಯೋಗಿ ನಮಗಾಗಿ ನಿಲ್ಲುತ್ತಿದ್ದರು. ಯಾರೂ ಇದನ್ನು ಉಪಕಾರವೆಂದು ಬಗೆಯಲಿಲ್ಲ. ವರ್ಷದ ಆರಂಭದಲ್ಲೇ ಗೋಡೆಯ ಕ್ಯಾಲೆಂಡರಿನ ಮುಂದೆ ಎಲ್ಲರೂ ನಿಂತು, ಯಾರಿಗೆ ಯಾವ ದಿನ ಬಿಡಲಾಗದ್ದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆವು. ಹೊಸದಾಗಿ ಸೇರಿದವರ ಕೈಗೆ ಪೆನ್ಸಿಲನ್ನು ಮೊದಲು ಕೊಡುತ್ತಿದ್ದರು ನಮ್ಮ ಮ್ಯಾನೇಜರು, ಏಕೆಂದರೆ ಕೊನೆಗೆ ಕೊಟ್ಟರೆ ಅವರು ಏನನ್ನೂ ಕೇಳದೆ ಸುಮ್ಮನಿರುತ್ತಿದ್ದರು.